ಎಷ್ಟು ಮುಳುಗಬೇಕು?

ಸಂಸಾರದಲ್ಲಿ ತಾವರೆ ಎಲೆಯ ಮೇಲಿನ ನೀರಿನಂತೆ ಇರಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೇಳುವುದು ಸುಲಭ. ಮಗುವಿನ ಜ್ವರ, ಅತ್ತೆಯ ಮಾತ್ರೆ, ಮಗಳ ಮದುವೆಯ ಸಾಲ ಇವುಗಳ ನಡುವೆ ಅಂಟದೆ ಇರುವ ಹೆಂಗಸನ್ನು ನಾನಂತೂ ಕಂಡಿಲ್ಲ. ಅಂಟದಿದ್ದರೆ ಮನೆ ನಡೆಯುವುದೂ ಇಲ್ಲ. ಹಾಗಾದರೆ ಎಷ್ಟು ಅಂಟಬೇಕು?

ಭಂಡಿಗಡಿಯಂಥ ಮಲೆನಾಡಿನ ಊರಿನ ನಮಗೆ ದೋಣಿ ದೂರದ ವಸ್ತು. ಆದರೂ ಈ ಪ್ರಶ್ನೆಗೆ ನನಗೆ ಒಪ್ಪುವ ಉತ್ತರ ಸಿಕ್ಕಿದ್ದು ಆಗುಂಬೆ ಘಾಟಿಯ ಕೆಳಗೆ, ಮಲ್ಪೆ ಕಡೆಯ ನಾಡದೋಣಿಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ; 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿಯಿದೆ. ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸುವ ಆ ಎಂಜಿನ್ನಿಗೆ ಎತ್ತರ ಬಹಳ ಮುಖ್ಯ.

ಎತ್ತರ ಹೆಚ್ಚಾದರೆ ಪ್ರೊಪೆಲ್ಲರ್ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ ಅಬ್ಬರಿಸುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ತಣಿಸುವ ನೀರೂ ಸರಿಯಾಗಿ ಸಿಗದೆ ಎಂಜಿನ್ ಕಾಯುತ್ತದೆ. ತೀರ ತಗ್ಗಾದರೆ ನೀರೇ ಹಿಂದಕ್ಕೆ ಜಗ್ಗುತ್ತದೆ, ಎಣ್ಣೆ ಹೆಚ್ಚು ಖರ್ಚಾಗುತ್ತದೆ, ದಡದ ಬಳಿ ಮರಳಿಗೋ ಕಲ್ಲಿಗೋ ತಾಗುತ್ತದೆ. ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ತಟ್ಟೆಯಿದೆ; ಅದು ದೋಣಿಯ ತಳದ ಮಟ್ಟಕ್ಕೆ, ಇಲ್ಲವೆ ಅಂಗುಲದಷ್ಟು ಕೆಳಗೆ ಇರಬೇಕೆಂಬುದು ಮೊದಲ ಲೆಕ್ಕ. ಆದರೆ ಲೆಕ್ಕ ದಡದಲ್ಲಿ ಮುಗಿಯುವುದಿಲ್ಲ. ಜನ, ಬಲೆ ಎಲ್ಲ ಹೇರಿಕೊಂಡು ನೀರಿನಲ್ಲಿ ಓಡಿಸಿ ನೋಡಬೇಕು. ಹಲಗೆಯ ಮೇಲೆ ತೆಳ್ಳಗಿನ ಮರದ ತುಂಡಿಟ್ಟು ಸ್ವಲ್ಪ ಏರಿಸಿ ಮತ್ತೆ ನೋಡಬೇಕು.

ಮನೆಗಳಲ್ಲೂ ಇದನ್ನೇ ಕಾಣುತ್ತೇವೆ. ಕೆಲವರದು ಬರೀ ಅಬ್ಬರ; ಯಾವ ಕೆಲಸಕ್ಕೂ ಕೈ ತಾಗಿರುವುದಿಲ್ಲ. ಇನ್ನು ಕೆಲವು ತಾಯಂದಿರು ಮದುವೆಯಾದ ಮಗಳ ಸಾರಿನ ಉಪ್ಪಿನವರೆಗೂ ಇಳಿದು, ಅವಳ ಸಂಸಾರವನ್ನೇ ಜಗ್ಗುತ್ತಾರೆ. ಹೊರೆ ಬದಲಾದಾಗ ಎತ್ತರವೂ ಬದಲಾಗಬೇಕು. ಬಾಣಂತಿಯಿರುವ ಮನೆಯಲ್ಲಿ ಬೇಕಾದಷ್ಟು ಆಳ, ಮಕ್ಕಳು ಬೇರೆ ಮನೆ ಮಾಡಿದ ಮೇಲೆ ಬೇಕಿಲ್ಲ.

ಹೆಂಗಸು ಮುಳುಗಿದಷ್ಟೂ ಲೋಕ ಅದನ್ನು ತ್ಯಾಗವೆಂದು ಹೊಗಳುತ್ತದೆ. ಗಂಡನ ಕುಡಿತದ ಸಾಲ ತೀರಿಸುತ್ತ ಕೊರಳವರೆಗೆ ಮುಳುಗಿದವಳಿಗೂ ಸಹನಾಮೂರ್ತಿ ಎಂಬ ಬಿರುದು ಸಿಗುತ್ತದೆ. ಅಂಥವರು ಆ ಎಂಜಿನ್ನನ್ನು ಒಮ್ಮೆ ನೋಡಬೇಕು. ದುಡಿಯುವ ರೆಕ್ಕೆ ಪೂರ್ತಿ ನೀರೊಳಗೆ. ತಲೆ ಮಾತ್ರ ಯಾವಾಗಲೂ ನೀರಿನ ಮೇಲೆ. ತಲೆಯೂ ಮುಳುಗಿದರೆ ಎಂಜಿನ್ ನಿಲ್ಲುತ್ತದೆ. ಆಮೇಲೆ ದೋಣಿಯಲ್ಲಿದ್ದವರನ್ನು ದಡ ಸೇರಿಸುವವರು ಯಾರು?