ಕೈರುಚಿ ಅನ್ನೋ ಹೊಗಳಿಕೆ

ಹೋದ ವರ್ಷ ಆಷಾಢದಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರ್. ಆಸ್ಪತ್ರೆಯಿಂದ ಗೊಟ್ಟಿಗೆರೆಗೆ ವಾಪಸ್ ಬರುವಾಗ, ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್‌ನಲ್ಲಿ ಕಾರು ನಿಂತಲ್ಲೇ ನಿಂತಿತ್ತು. ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ ಅಮ್ಮ ಕೇಳಿದ ಮೊದಲ ಪ್ರಶ್ನೆ: "ರಾತ್ರಿ ಊಟಕ್ಕೆ ಏನ್ ಮಾಡ್ತೀರೋ?"

ನೋವು ಅವಳದು, ಚಿಂತೆ ನಮ್ಮ ಊಟದ್ದು. ಅದರಲ್ಲಿ ಏನೋ ವಿಚಿತ್ರ ಇದೆ ಅಂತ ಆವತ್ತು ನನಗೆ ಅನ್ನಿಸಲೇ ಇಲ್ಲ. ಈಗ ಬರೆಯುವಾಗ ನಾಚಿಕೆ ಆಗುತ್ತೆ.

ಮೊದಲ ನಾಲ್ಕು ದಿನ ಫೋನಿನಲ್ಲೇ ಊಟ ತರಿಸಿದ್ವಿ. ಐದನೇ ದಿನ ಅಪ್ಪನ ಹೊಟ್ಟೆ ಕೆಟ್ಟಿತು. ನನ್ನ ಹೆಂಡತಿಗೆ ಸಂಜೆ ಆರರಿಂದ ಅಮೆರಿಕದವರ ಜೊತೆ ಕಾಲ್‌ಗಳು ಶುರು. ನನಗೆ ಆ ಹೊತ್ತು ಖಾಲಿ. ಹಾಗಾಗಿ ಒಲೆ ಮುಂದೆ ನಿಲ್ಲೋದು ನನ್ನ ಪಾಲಿಗೆ ಬಂತು. ಮೊಟ್ಟೆ, ಮ್ಯಾಗಿ, ಚಿತ್ರಾನ್ನ ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದ ಮೂವತ್ತೆರಡು ವರ್ಷದ ಗಂಡಸು ನಾನು.

ಅಮ್ಮನ ಹತ್ತಿರ ಒಂದು ಹಳೇ ಡೈರಿ ಇದೆ, ಅಡುಗೆ ಬರೆದಿಟ್ಟಿರೋದು. ಅದನ್ನು ನೋಡಿದರೆ ಸಾಕು ಅಂದುಕೊಂಡೆ. ತೆಗೆದರೆ ಮೈಸೂರು ಪಾಕ್ ಇತ್ತು, ಹಾಲುಬಾಯಿ ಇತ್ತು, ಚಕ್ಲಿ, ಮೂರು ಥರದ ಮಾವಿನಕಾಯಿ ಉಪ್ಪಿನಕಾಯಿ, ಟಿವಿ ನೋಡಿ ಬರೆದುಕೊಂಡ ಮೊಟ್ಟೆ ಹಾಕದ ಕೇಕ್ ಇತ್ತು. ಸಾರು ಇರಲಿಲ್ಲ. ಹುಳಿ ಇರಲಿಲ್ಲ. ವಾರಕ್ಕೆ ಎರಡು ಸಲ ಮಾಡೋ ಬಸ್ಸಾರು ಇರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಅಮ್ಮ ನಕ್ಕಳು. "ದಿನಾ ಮಾಡೋದನ್ನ ಯಾರಾದ್ರೂ ಬರ್ಕೊಂಡು ಕೂತ್ಕೋತಾರೇನೋ?"

ಅವಳೊಬ್ಬಳೇ ಅಲ್ಲ, ನಮ್ಮಲ್ಲಿ ಅಡುಗೆ ಬರೆದವರೆಲ್ಲ ಹೆಚ್ಚುಕಮ್ಮಿ ಹೀಗೇನೇ. ಸಾವಿರ ವರ್ಷದ ಹಿಂದೆ, 1025ರಲ್ಲಿ, ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ವಾಸ್ತುವಿನ ಜೊತೆ ಅಡುಗೆಯೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದಾಗ ಅರಮನೆ ಊಟದ ವಿಷಯವನ್ನೂ ಸೇರಿಸಿದ. 16ನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ, ಒಂದು ಇಡೀ 'ಸೂಪಶಾಸ್ತ್ರ'ವನ್ನೇ ಬರೆದ. ಬದನೆಕಾಯಿಗಂತೂ ಅದರಲ್ಲಿ ದೊಡ್ಡ ಪಾಲು. ಹೆಮ್ಮೆ ಪಡೋ ವಿಷಯವೇ. ಆದರೆ ದೊರೆಯ ಹೆಸರು ಉಳಿಯಿತು, ಕವಿಯ ಹೆಸರು ಉಳಿಯಿತು. ಬೆಳಗ್ಗೆ ಎದ್ದು ಒಲೆ ಹಚ್ಚಿ, ಮನೆಮಂದಿಗೆಲ್ಲ ಬೇಯಿಸಿ, ಮರುದಿನ ಮತ್ತೆ ಅದನ್ನೇ ಮಾಡಿದವರ ಹೆಸರು ಒಂದೂ ಉಳಿಯಲಿಲ್ಲ. ಹಬ್ಬದ ಅಡುಗೆಗೆ ಪುಸ್ತಕ, ದಿನದ ಅಡುಗೆಗೆ ಅಮ್ಮ.

ದಿನದ ಅಡುಗೆಯನ್ನ ಬರೆಯೋ ಕೆಲಸ ಅಂತ ಗಂಭೀರವಾಗಿ ತಗೊಂಡ ಪುಸ್ತಕ ಒಂದು ನಮ್ಮ ಮನೇಲೇ ಇತ್ತು. ಮದ್ರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದ 'ಸಮೈತ್ತು ಪಾರ್', ಅಂದರೆ 'ಅಡುಗೆ ಮಾಡಿ ನೋಡು'. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಂಗಸು ಅವರು. ಅದು ಹೇಗೆ ಮಾಡೋದು, ಇದು ಹೇಗೆ ಮಾಡೋದು ಅಂತ ನೆಂಟರು ಪದೇ ಪದೇ ಕಾಗದ ಬರೆದು ಕೇಳುತ್ತಿದ್ದರಂತೆ. ಒಬ್ಬೊಬ್ಬರಿಗೂ ಉತ್ತರ ಬರೆಯೋ ಬದಲು ಪುಸ್ತಕವನ್ನೇ ಮಾಡು ಅಂತ ಬಂಧುವೊಬ್ಬರು ಹೇಳಿದ್ದರಿಂದ ಅದು ಹುಟ್ಟಿತು. ಸಾಂಬಾರು, ರಸಂ, ಕೂಟು, ಪಲ್ಯ, ಹೀಗೆ ಮನೇಲಿ ದಿನಾ ಮಾಡೋದರಿಂದಲೇ ಶುರು. ಅದರ ಇಂಗ್ಲಿಷ್ ಅನುವಾದವನ್ನ ನನ್ನ ಹೆಂಡತಿಗೆ ಅವಳ ಅತ್ತಿಗೆ ಮದುವೇಲಿ ಉಡುಗೊರೆ ಕೊಟ್ಟಿದ್ದರು. ಅದೇ ಮದುವೇಲಿ ನನಗೂ ಉಡುಗೊರೆಗಳು ಬಂದಿದ್ದವು. ವಾಚು, ಪೆನ್ನು, ಒಂದು ಬ್ಲೂಟೂತ್ ಸ್ಪೀಕರ್. ಅಡುಗೆ ಪುಸ್ತಕ ಬಂದಿದ್ದು ಅವಳಿಗೆ ಮಾತ್ರ. ನಾವಿಬ್ಬರೂ ಒಂದೇ ಥರದ ಕೆಲಸ ಮಾಡೋರು, ಹೆಚ್ಚುಕಮ್ಮಿ ಒಂದೇ ಸಂಬಳ.

ಆ ಪುಸ್ತಕ ಇಟ್ಟುಕೊಂಡು ರಸಂ ಕಲಿತೆ. ಆದರೆ ನಮ್ಮ ಹಾಸನದ ಕಡೆಯ ಬಸ್ಸಾರು ಅದರಲ್ಲಿ ಎಲ್ಲಿ ಸಿಗಬೇಕು? ಅಮ್ಮ ಅಡುಗೆಮನೆ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಇನ್ನೂರು ಪುಟದ ನೋಟ್‌ಬುಕ್ ತಂದೆ. ಅವಳು ಹೇಳೋದು, ನಾನು ಮಾಡೋದು, ಮಾಡಿದ್ದನ್ನು ಬರೆಯೋದು.

"ಬೇಳೆ ಹಾಕು."

"ಎಷ್ಟು?"

"ಸಾಕಾಗುವಷ್ಟು."

"ಎಷ್ಟಮ್ಮಾ ಅಂದ್ರೆ?"

"ಕೈಗೆ ಗೊತ್ತಾಗುತ್ತೆ ಕಣೋ."

ಮುರಿದಿದ್ದು ಆ ಕೈಯೇ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದ್ವಿ. ಆಮೇಲೆ ನಾನೊಂದು ಉಪಾಯ ಮಾಡಿದೆ. ಎಡಗೈಯಲ್ಲಿ ಅವಳೇ ಡಬ್ಬದಿಂದ ಬೇಳೆ ತೆಗೆದು ತಟ್ಟೆಗೆ ಹಾಕಬೇಕು, ನಾನು ಅದನ್ನು ಲೋಟದಲ್ಲಿ ಅಳೆದು ಬರೆದುಕೊಳ್ಳಬೇಕು. ನಾಲ್ಕು ಜನಕ್ಕೆ ಮುಕ್ಕಾಲು ಲೋಟ ಬಂತು. ಎರಡನೇ ಸಲ ತೆಗೆಸಿದೆ, ಮತ್ತೆ ಮುಕ್ಕಾಲು ಲೋಟವೇ. ಅಮ್ಮನಿಗೇ ಆಶ್ಚರ್ಯ.

ಅಮೆರಿಕದ ಬಾಸ್ಟನ್‌ನಲ್ಲಿ ಫ್ಯಾನಿ ಫಾರ್ಮರ್ ಅನ್ನೋರು 1896ರಲ್ಲಿ ಒಂದು ಅಡುಗೆ ಪುಸ್ತಕ ತಂದು, ಕಪ್ಪನ್ನಾಗಲೀ ಚಮಚವನ್ನಾಗಲೀ ಚಾಕುವಿನಿಂದ ಸಮ ಮಾಡಿಯೇ ಅಳೆಯಬೇಕು ಅಂತ ಹಟ ಹಿಡಿದರು. ನಮಗೆ ಇದು ಸ್ವಲ್ಪ ಒಣ ಲೆಕ್ಕಾಚಾರ ಅನ್ನಿಸಬಹುದು. ಅಡುಗೆ ಅಂದ್ರೆ ಹದ, ಹದವನ್ನ ಬರೆಯೋಕಾಗಲ್ಲ ಅಂತ ನಾವು ಹೇಳ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೇಳುತ್ತಾ ಹೋದರೆ ಹದಕ್ಕೂ ಮಾತು ಸಿಗುತ್ತೆ. ದಂಟಿನ ಸೊಪ್ಪು ಹಾಕೋ ಮುಂಚೆ ಬೇಳೆ ಎಷ್ಟು ಬೆಂದಿರಬೇಕು? "ಎರಡು ಬೆರಳಲ್ಲಿ ಒತ್ತಿದ್ರೆ ಹಿಸುಕಬೇಕು, ಕರಗಿ ಹೋಗಬಾರದು." ಯಾಕೆ? "ಕರಗಿದ್ರೆ ಬಸಿಯೋಕಾಗಲ್ಲ, ಪಲ್ಯ ಮುದ್ದೆ ಆಗುತ್ತೆ." ಬಸಿದ ಕಟ್ಟಿಗೆ ರುಬ್ಬಿದ ಖಾರ ಹಾಕಿದ ಮೇಲೆ ಎಷ್ಟು ಹೊತ್ತು ಕುದಿಸಬೇಕು? "ಬೆಳ್ಳುಳ್ಳಿ, ಈರುಳ್ಳಿದು ಹಸಿ ವಾಸನೆ ಹೋಗಿ, ಹುಣಸೆಹಣ್ಣು ಜೀರಿಗೆ ಎರಡೂ ಸೇರಿದ ವಾಸನೆ ಹಾಲ್‌ಗೆ ಬರೋ ತನಕ." ಇಷ್ಟು ಖಚಿತವಾಗಿ ಹೇಳಬಲ್ಲವಳನ್ನ ಮೂವತ್ತೈದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹದ ಬರೆಯೋಕಾಗಲ್ಲ ಅನ್ನೋದಕ್ಕಿಂತ, ಕೇಳೋ ಗರಜು ನಮಗೆ ಇರಲಿಲ್ಲ ಅನ್ನೋದು ನಿಜ.

ಮೂರನೇ ಪ್ರಯತ್ನಕ್ಕೆ ಬಸ್ಸಾರು ಬಸ್ಸಾರಿನ ಥರ ಆಯಿತು. ಎಲ್ಲರೂ ಕೂತ್ವಿ. ಅಪ್ಪ ಒಂದು ತುತ್ತು ತಿಂದು, "ಪರವಾಗಿಲ್ಲ. ಆದ್ರೆ ನಿಮ್ಮಮ್ಮನ ಕೈರುಚಿ ಬರಲ್ಲ ಬಿಡು" ಅಂದರು. ಬೇಜಾರು ಮಾಡೋಕೆ ಹೇಳಿದ್ದಲ್ಲ. ಅವರ ಮಟ್ಟಿಗೆ ಅದು ಹೆಂಡತಿಗೆ ಹೇಳಿದ ಒಳ್ಳೇ ಮಾತು. ನಾನು ಅಮ್ಮನ ಮುಖ ನೋಡಿದೆ, ಖುಷಿಪಡ್ತಾಳೆ ಅಂತ. ಅವಳು ತಲೆ ಎತ್ತಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದಳು. ಎರಡನೇ ಸಲ ಸಾರು ಹಾಕಿಸಿಕೊಂಡಳು. ಆಮೇಲೆ ನಿಧಾನಕ್ಕೆ ಅಂದಳು: "ಈ ಮನೇಲಿ ನಾನು ಮಾಡದೇ ಇರೋ ಬಸ್ಸಾರು ಬಿಸಿಬಿಸಿಯಾಗಿ ಕೂತು ತಿಂದಿದ್ದು ಇದೇ ಮೊದಲು."

ಆ ರಾತ್ರಿಯಿಂದ 'ಕೈರುಚಿ' ಅನ್ನೋ ಪದ ನನ್ನ ತಲೇಲಿ ಕೂತಿದೆ. ಎಷ್ಟು ಚೆಂದದ ಪದ! ಆದರೆ ಅದು ಮನೇಲಿ ಮಾಡೋ ಕೆಲಸ ಏನು ಅಂತ ನೋಡಿ. ರುಚಿ ಇರೋದು ಅವಳ ಕೈಯಲ್ಲಿ ಅಂದ ಮೇಲೆ, ಬೇರೆ ಯಾರ ಕೈಯೂ ಆ ಕೆಲಸಕ್ಕೆ ಬರಲ್ಲ ಅಂತ ಅರ್ಥ ಆಯಿತಲ್ಲ. ಅವಳು ಕಲಿತಿದ್ದು, ತಪ್ಪಿದ್ದು, ಸುಟ್ಟುಕೊಂಡಿದ್ದು, ಮತ್ತೆ ಮಾಡಿದ್ದು ಎಲ್ಲ ಅಳಿಸಿ ಹೋಗಿ, ಹುಟ್ಟಿನಿಂದಲೇ ಬಂದ ವರ ಆಗಿಬಿಡುತ್ತೆ. ವರವನ್ನ ಹಂಚಿಕೊಳ್ಳೋಕಾಗಲ್ಲ. ಹಾಗಾಗಿ ನಾವು ಹೊಗಳಿ, ತಟ್ಟೆ ಮುಂದೆ ಕೂರ್ತೀವಿ. ನಮ್ಮ ಹೊಗಳಿಕೆ ಸುಳ್ಳಲ್ಲ. ಆದರೆ ಅದರಿಂದ ಲಾಭ ಯಾರಿಗೆ ಅಂತ ಕೇಳಿಕೊಳ್ಳಬೇಕು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಅದನ್ನು ಮಾಡೋ ಗಂಡಸರು 97 ನಿಮಿಷ. ಅದೂ ಮಾಡೋರು ಎಷ್ಟು ಜನ? ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಈ ಲೆಕ್ಕದಲ್ಲಿ ನನ್ನ ಮನೆಯೂ ಇದೆ, ಬಹುಶಃ ನಿಮ್ಮ ಮನೆಯೂ.

ಅದಕ್ಕೇ ನನಗೀಗ ಅನ್ನಿಸೋದು, ದಿನದ ಅಡುಗೆಯನ್ನ ಸರಿಯಾಗಿ ಬರೆದಿಡೋದು ಬರೀ ನೆನಪು ಉಳಿಸೋ ಕೆಲಸ ಅಲ್ಲ, ನ್ಯಾಯದ ಕೆಲಸ. ಮುಕ್ಕಾಲು ಲೋಟ ಬೇಳೆ ಅಂತ ಬರೆದ ತಕ್ಷಣ ಆ ಕೆಲಸ ಒಬ್ಬರ ಕೈಯಿಂದ ಬಿಡಿಸಿಕೊಂಡು, ಓದಲು ಬರೋ ಎಲ್ಲರ ಪಾಲಿಗೂ ಬರುತ್ತೆ. ಒಳ್ಳೇ ಅಡುಗೆ ಪುಸ್ತಕ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಅಮ್ಮನಿಗೆ ಒಂದು ದಿನ ರಜಾ ಕೊಡಿಸೋಕೆ ಯಾವುದು ಉಪಯೋಗಕ್ಕೆ ಬರುತ್ತೋ ಅದು.

ಇಷ್ಟು ಸುಲಭ ಇದ್ದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ನಾನು ದೊಡ್ಡ ಮನಸ್ಸು ಮಾಡಿ, "ಇನ್ಮೇಲೆ ರಾತ್ರಿ ಅಡುಗೆ ನಂದು, ನೀನು ಒಳಗೇ ಬರಬೇಡ" ಅಂದೆ. ಅಮ್ಮ ಸಿಟ್ಟಾದಳು. "ಹಾಗಾದ್ರೆ ನಾನೇನ್ ಮಾಡ್ಲಿ? ಟಿವಿ ನೋಡ್ಕೊಂಡು ಕೂತ್ಕೊಳ್ಲಾ?" ಊರು ಬಿಟ್ಟು ನಮ್ಮ ಜೊತೆ ಈ ಎರಡು ಬೆಡ್‌ರೂಮಿನ ಮನೆಗೆ ಬಂದವಳಿಗೆ, ಇದು ನನ್ನದು ಅನ್ನಿಸೋ ಜಾಗ ಇದ್ದಿದ್ದು ಅದೊಂದೇ. ಯಾವ ಡಬ್ಬ ಎಲ್ಲಿರಬೇಕು ಅನ್ನೋದು ಅವಳ ಮಾತು. ಅವಳನ್ನ ಬಿಡುಗಡೆ ಮಾಡ್ತೀನಿ ಅಂತ ನಾನು ಹೊರಟಿದ್ದು, ಅವಳನ್ನ ಒಂದು ಮಾತೂ ಕೇಳದೆ. ಅದೂ ತಪ್ಪೇ. ಇನ್ನೊಂದು ದಾರಿ ಅಡುಗೆಯವರನ್ನ ಇಟ್ಟುಕೊಳ್ಳೋದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರ್ಧ ಮನೆಗಳು ಹಾಗೇ ನಡೆಯುತ್ತವೆ. ಅವರಿಗೆ ಅದು ಸಂಪಾದನೆ, ಬೇಡ ಅನ್ನಲ್ಲ. ಆದರೆ ಮೂರು ಮನೆಯಲ್ಲಿ ಮೂರು ಥರದ ರುಚಿಗೆ ಬೇಯಿಸಿ ಸಂಜೆ ತಮ್ಮ ಮನೆಗೆ ಹೋಗಿ ನಾಲ್ಕನೇ ಸಲ ಒಲೆ ಹಚ್ಚೋರೂ ಅವರೇ. ನಮ್ಮ ಮನೆಯ ಪ್ರಶ್ನೆ ಅಲ್ಲಿಗೆ ವರ್ಗಾವಣೆ ಆಗುತ್ತೆ ಅಷ್ಟೇ.

ಆಮೇಲೆ ಅಮ್ಮನನ್ನೇ ಕೇಳಿದೆ, ನಿನಗೆ ಏನು ಬೇಕು ಅಂತ. ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಹೇಳಿದಳು. ಬೆಳಗಿನ ತಿಂಡಿ ಅವಳೇ ಮಾಡ್ತಾಳೆ, ಅದು ಅವಳಿಗೆ ಇಷ್ಟ. ರಾತ್ರಿ ಅಡುಗೆ ವಾರಕ್ಕೆ ನಾಲ್ಕು ದಿನ ನಾನು, ಎರಡು ದಿನ ನನ್ನ ಹೆಂಡತಿ. ಭಾನುವಾರ ರಾತ್ರಿ ಅಪ್ಪ. ಅಪ್ಪನ ಹೆಸರು ಸೇರಿಸಿದ್ದು ಅವಳೇ! ಅಪ್ಪನಿಗೆ ಸದ್ಯಕ್ಕೆ ಉಪ್ಪಿಟ್ಟು ಮಾತ್ರ ಬರುತ್ತೆ. ನೋಟ್‌ಬುಕ್ಕಿನ ಹದಿನೇಳನೇ ಪುಟ, ಕನ್ನಡಕ ಹಾಕಿಕೊಂಡು ಓದಿ ಓದಿ ಮಾಡ್ತಾರೆ. ನೀರು ಒಂದಕ್ಕೆ ಎರಡೂವರೆ ಅಂತ ಬರೆದಿದೆ, ಅವರು ಮೂರು ಹಾಕ್ತಾರೆ.

ನೋಟ್‌ಬುಕ್ಕಿನಲ್ಲಿ ಈಗ ನಲವತ್ತೊಂದು ಅಡುಗೆ ಇದೆ. ಎಲ್ಲದರಲ್ಲೂ ಬೇಳೆ, ಹುಣಸೆಹಣ್ಣು, ಪುಡಿ ಲೋಟ-ಚಮಚದ ಲೆಕ್ಕದಲ್ಲೇ ಇವೆ. ಉಪ್ಪಿನ ಎದುರಿಗೆ ಮಾತ್ರ, ಎಲ್ಲಾ ಅಡುಗೆ ಪುಸ್ತಕದ ಹಾಗೆ, 'ರುಚಿಗೆ ತಕ್ಕಷ್ಟು' ಅಂತ ಬರೆದಿದ್ದೆ. ಹೋದ ವಾರ ಅದನ್ನು ಓದುತ್ತಾ ಅಮ್ಮ ಅಂದಳು, "ನಂಗೆ ಉಪ್ಪು ಸ್ವಲ್ಪ ಕಮ್ಮಿ ಇದ್ರೇ ಇಷ್ಟ ಕಣೋ. ನಿಮ್ಮಪ್ಪಂಗೆ ಜಾಸ್ತಿ ಬೇಕು ಅಂತ ಹಾಕ್ತಿದ್ದೆ."

ಮೂವತ್ತೆರಡು ವರ್ಷ ಅವಳ ಕೈ ಅಡುಗೆ ತಿಂದಿದ್ದೀನಿ. ಇದು ನನಗೆ ಗೊತ್ತಿರಲಿಲ್ಲ. ಬಸ್ಸಾರಿನ ಪುಟದಲ್ಲಿ ಆ ಸಾಲು ಹೊಡೆದು, 'ಉಪ್ಪು: ಮುಕ್ಕಾಲು ಚಮಚ, ಅಮ್ಮನ ರುಚಿಗೆ' ಅಂತ ತಿದ್ದಿದೆ. ಜಾಸ್ತಿ ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ.