ಶುಶ್ರೂಷೆ ಎಂಬ ಮಾತು

ರೋಗಿಯ ಆರೈಕೆಯನ್ನು ನಾವು ‘ಶುಶ್ರೂಷೆ’ ಎನ್ನುತ್ತೇವೆ. ಈ ಸಂಸ್ಕೃತ ಪದದ ಮೂಲಾರ್ಥ ಸೇವೆಯಲ್ಲ, ಕೇಳಬೇಕೆಂಬ ಇಚ್ಛೆ. ಶ್ರವಣ, ಶ್ರುತಿಗಳು ಹುಟ್ಟಿದ ‘ಶ್ರು’ ಧಾತುವಿನಿಂದಲೇ ಇದೂ ಹುಟ್ಟಿದೆ. ಗುರುವಿನ ಮಾತಿಗೆ ಕಿವಿಗೊಟ್ಟು ನಿಂತ ಶಿಷ್ಯನ ಗುಣವಾಗಿದ್ದದ್ದು ವಿಧೇಯತೆಯಾಗಿ, ಸೇವೆಯಾಗಿ, ಕೊನೆಗೆ ಆಸ್ಪತ್ರೆಯ ಮಂಚದ ಬಳಿಗೆ ಬಂದಿತು. ತರಗತಿಯಲ್ಲಿ ಇದನ್ನು ವಿವರಿಸುವಾಗಲೆಲ್ಲ ನನ್ನನ್ನೊಂದು ಪ್ರಶ್ನೆ ಕಾಡುತ್ತದೆ. ರೋಗಿಗೆ ತಿಳಿಯುವಂತೆ ಹೇಳುವುದು ದಾದಿಯ ಸೌಜನ್ಯವೋ, ಅಥವಾ ಮದ್ದನ್ನು ಸರಿಯಾದ ಅಳತೆಯಲ್ಲಿ ಕೊಡುವಷ್ಟೇ ಕಟ್ಟುನಿಟ್ಟಾದ ಕರ್ತವ್ಯವೋ?

ಆಸ್ಪತ್ರೆಯ ಇಂಗ್ಲಿಷನ್ನೆಲ್ಲ ಕನ್ನಡಿಸಿಬಿಟ್ಟರೆ ತೊಡಕು ಹರಿಯುತ್ತದೆಂದು ಹೇಳುವ ಅಭಿಮಾನಿಗಳಿದ್ದಾರೆ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನಾನೂ ಇದನ್ನು ಒಪ್ಪಲಾರೆ. ಹಾವೇರಿಯ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಲು ಬಂದ ದಾದಿ, ರೋಗಿಯ ಮುಂಗೈ ತಟ್ಟುತ್ತ “ನರ ಸಿಗವಲ್ದು” ಎನ್ನುತ್ತಾಳೆ. ನಮ್ಮ ಪಠ್ಯಪುಸ್ತಕದಲ್ಲಿ ನರವೆಂದರೆ ಮಿದುಳಿನ ಸುದ್ದಿಯನ್ನು ಒಯ್ಯುವ ತಂತು. ರಕ್ತವನ್ನು ಹೃದಯಕ್ಕೆ ಮರಳಿ ತರುವುದು ಅಭಿಧಮನಿ. ಆಕೆ ಶಾಸ್ತ್ರಶುದ್ಧವಾಗಿ “ಅಭಿಧಮನಿ ಸಿಗುತ್ತಿಲ್ಲ” ಎಂದರೆ ಮಂಚದ ಮೇಲಿದ್ದವನು ತನಗೆ ಹೊಸದೊಂದು ರೋಗ ಬಂದಿತೆಂದು ಬೆವರುತ್ತಾನೆ. ಅದೇ ರೀತಿ ‘ಬಿ.ಪಿ.’ ಈಗ ಕನ್ನಡದ್ದೇ ಮಾತು, ಅದನ್ನು ಕಿತ್ತು ಹಾಕುವುದು ಬೇಡ. 120 ಎಂಬುದು ಹೃದಯ ಹಿಂಡಿದಾಗ ರಕ್ತವು ನಾಳದ ಗೋಡೆಯನ್ನು ಒತ್ತುವ ಬಲ, 80 ಎಂಬುದು ಎರಡು ಬಡಿತಗಳ ನಡುವೆ ಅದು ಸಡಿಲಗೊಂಡಾಗ ಉಳಿಯುವ ಬಲ ಎಂದು ಹೇಳಿದರಾಯಿತು. ಕಫ ಪರೀಕ್ಷೆ ‘ನೆಗೆಟಿವ್’ ಬಂತೆಂದು ಕೇಳಿ ಅಳುವ ತಾಯಂದಿರಿದ್ದಾರೆ. ಕ್ಷಯದ ರೋಗಾಣು ಕಾಣಲಿಲ್ಲವೆಂಬ ಶುಭವಾರ್ತೆಯನ್ನು, ‘ಇಲ್ಲ’ ಎಂಬರ್ಥದ ಪದದಲ್ಲಿ ಹೇಳಿದರೆ ಇನ್ನೇನಾದೀತು!

ಪದ ತಿಳಿದರೂ ಕಾರಣ ತಿಳಿಯದಿದ್ದರೆ ಕೆಲಸ ಕೆಡುತ್ತದೆ. ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ನೆಂಟರೊಬ್ಬರ ಜೊತೆಗಿದ್ದಾಗ ಪಕ್ಕದ ಮಂಚದವರ ಶಸ್ತ್ರಚಿಕಿತ್ಸೆ ಆ ದಿನ ನಿಂತುಹೋಯಿತು. ಚೀಟಿಯಲ್ಲಿ ‘ಎನ್.ಪಿ.ಒ.’ ಎಂದಿತ್ತು. ಬಾಯಿಯಿಂದ ಏನೂ ಹೋಗಕೂಡದೆಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಇವು. ಅವರಿಗೆ ಮಾತ್ರ “ಊಟ ಮಾಡಬ್ಯಾಡ್ರಿ” ಎಂದಷ್ಟೇ ಹೇಳಲಾಗಿತ್ತು. “ಊಟ ಮಾಡಿಲ್ರೀ ಅಕ್ಕಾರ, ಬರೇ ಒಂದು ಕಪ್ಪು ಚಾ ಕುಡದೇನಿ” ಎಂದರು ಆ ಹಿರಿಯರು. ಅವರದೇನು ತಪ್ಪು? ನಮ್ಮ ಸೀಮೆಯಲ್ಲಿ ಚಹಾ ಎಂದೂ ಊಟವಲ್ಲ. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಮಲಗಿರುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೇರಿ ಶ್ವಾಸಕೋಶಕ್ಕೆ ಇಳಿಯಬಹುದು ಎಂಬ ಎರಡು ಮಾತನ್ನು ಯಾರಾದರೂ ಹೇಳಿದ್ದರೆ ಆ ಕಪ್ಪನ್ನು ಅವರು ತಾವೇ ದೂರ ಸರಿಸುತ್ತಿದ್ದರು. ಇಡೀ ವಾರ್ಡನ್ನು ರಾತ್ರಿಯೆಲ್ಲ ಒಬ್ಬಳೇ ನೋಡಿಕೊಳ್ಳುವ ಹುಡುಗಿಗೆ ಎರಡು ಮಾತಿನ ಪುರಸತ್ತೂ ಇರುವುದಿಲ್ಲ, ನಿಜ. ಆದರೆ ಅದು ಹೆಚ್ಚು ದಾದಿಯರನ್ನು ನೇಮಿಸಬೇಕೆಂಬುದಕ್ಕೆ ಕಾರಣವೇ ಹೊರತು, ರೋಗಿಗೆ ಹೇಳದಿರುವುದಕ್ಕಲ್ಲ.

ಇನ್ನು ಕೇಳುವ ವಿಚಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು “ದಮ್ಮು ಹತ್ತೇತಿ” ಎನ್ನುತ್ತಾಳೆ. ಆ ಮಾತಿನಲ್ಲಿ ಘಾಟು, ಧೂಳು, ದಿನವಿಡೀ ಬಾಗಿ ಕುಳಿತ ಮೈ ಎಲ್ಲವೂ ಅಡಗಿದೆ. ದಾಖಲೆಯಲ್ಲಿ ಅದು ಉಸಿರಾಟದ ತೊಂದರೆ ಎಂಬುದಕ್ಕಿರುವ ಒಂದು ಇಂಗ್ಲಿಷ್ ಪದವಾಗಿ ಒಣಗುತ್ತದೆ. “ಎಲ್ಲಿ ಕೆಲಸಾ ಮಾಡ್ತೀಯವ್ವಾ?” ಎಂದು ಕೇಳಿದ ದಾದಿಗೆ ಮಾತ್ರ ಉಳಿದದ್ದು ತಿಳಿಯುತ್ತದೆ. ಹೇಳುವುದಕ್ಕೆ ಮುಂಚೆ ಕೇಳು ಎಂಬ ಅರ್ಥ ‘ಶುಶ್ರೂಷೆ’ಯಲ್ಲಿ ಇನ್ನೂ ಉಸಿರಾಡುತ್ತಿರುವುದು ಇಂಥಲ್ಲಿ.

ನಿಜವಾದ ಕಷ್ಟ ಬೇರೆಯಿದೆ. ಇಂಗ್ಲಿಷ್ ಪದ ಕೆಲವೊಮ್ಮೆ ದಯೆಯ ಪರದೆ. “ಅಪ್ಪಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ, ಗಡ್ಡಿ ಅನ್ರಿ ಸಾಕು” ಎಂದು ಮಕ್ಕಳು ದಾದಿಯ ಕೈ ಹಿಡಿಯುತ್ತಾರೆ. ಸರಳಗನ್ನಡದಲ್ಲಿ ಹೇಳಿದರೆ ಪರದೆ ಹರಿಯುತ್ತದೆ. ಇತ್ತ ಕಾನೂನು ಸ್ಪಷ್ಟವಾಗಿದೆ: ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ಸಮ್ಮತಿಯೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಿಳಿಸುವ ಹೊಣೆ ಮುಖ್ಯವಾಗಿ ವೈದ್ಯರದು. ಆದರೆ ರೋಗಿ ಬಾಯಿ ಬಿಟ್ಟು ಕೇಳುವುದು ದಾದಿಯನ್ನು. ಮಕ್ಕಳ ಪ್ರೀತಿಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೂ ಪರದೆ ಬೇಕೋ ಬೇಡವೋ ಎಂದು ಹೇಳಬೇಕಾದವನು ಅದರ ಹಿಂದೆ ಮಲಗಿರುವವನೇ ಅಲ್ಲವೇ? ಅರಿಯುವ ಹಕ್ಕಿನಂತೆ, ಅರಿಯದೆ ಇರುವ ಹಕ್ಕೂ ಅವನದೇ.

ಬ್ಯಾಡಗಿ ಕಡೆಯ ಒಬ್ಬ ವೃದ್ಧ ರೈತರ ವಿಷಯದಲ್ಲಿ ಇಂಥದೇ ಇಕ್ಕಟ್ಟು ಬಂದಿತ್ತು. ದಾದಿ ರೋಗದ ಹೆಸರನ್ನು ಹೇಳಲೂ ಇಲ್ಲ, ಸುಳ್ಳಾಡಲೂ ಇಲ್ಲ. ಸ್ಟೂಲು ಎಳೆದುಕೊಂಡು ಕುಳಿತು, “ಅಜ್ಜಾರ, ನಿಮಗೇನು ತಿಳಕೋಬೇಕು ಅನಸ್ತೈತಿ?” ಎಂದಳು. ಮುದುಕರು ಬಹಳ ಹೊತ್ತು ಸುಮ್ಮನಿದ್ದು, “ಮುಂದಿನ ಬಿತ್ತಿಗಿಗೆ ನಾ ಇರ್ತೇನೇನವ್ವಾ?” ಎಂದರು. “ಅದನ್ನ ಡಾಕ್ಟರು ನಿಮ್ಮ ಮುಂದನ ಹೇಳೂಹಂಗ ಮಾಡ್ತೇನಿ” ಎಂದಳು ಆಕೆ. ಮರುದಿನ ವೈದ್ಯರು ಬಂದು ಮಾತಾಡಿ ಹೋದ ಮೇಲೆ ಅಜ್ಜಾರು ಮಗನನ್ನು ಕರೆದು, ಕೆರೆಯ ಕೆಳಗಿನ ಹೊಲವನ್ನು ಯಾರಿಗೆ ಲಾವಣಿಗೆ ಕೊಡಬೇಕೆಂದು ಚರ್ಚೆಗೆ ಕುಳಿತರು.