ತೈಲಪರೀಕ್ಷೆಯೂ ವೈದ್ಯಧರ್ಮವೂ

ಆಳಂದ ತಾಲೂಕಿನ ಜಿಡಗಾದಂತಹ ಊರಿನಲ್ಲಿ ಅತ್ತೆಯ ಮೊಣಕಾಲಿಗೆ ತೈಲವನ್ನು ತಿಕ್ಕುವ ಸೊಸೆಯು ಸೀಸೆಯೊಳಗಿರುವುದು ಏನೆಂಬುದನ್ನು ತಾನಾಗಿ ಅರಿಯಲಾರಳು. ಬಣ್ಣ, ಗಂಧ, ಮೇಲೆ ಬರೆದ ಹೆಸರು, ಇವಿಷ್ಟನ್ನೇ ನಂಬಿ ಹಣ ತೆರುತ್ತಾಳೆ. ಈ ನಂಬಿಕೆಗೆ ಹೊಣೆಗಾರನು ಯಾರು? ತೈಲವನ್ನು ಕಾಸಿದ ವೈದ್ಯನೋ, ಅದನ್ನು ಪರೀಕ್ಷಿಸಿದ ರಸಾಯನಜ್ಞನೋ?

ರಸಾಯನಪರೀಕ್ಷೆಯೆಂದೊಡನೆ ಅದು ಶಾಸ್ತ್ರಕ್ಕೆ ಅವಮಾನವೆಂದು ಕೆಲವು ವೈದ್ಯರು ಮುನಿಯುವುದುಂಟು. ಈ ಮುನಿಸಿಗೆ ಆಧಾರವಿಲ್ಲ. ಪರೀಕ್ಷೆಯನ್ನು ಮೊದಲು ವಿಧಿಸಿದುದೇ ಶಾಸ್ತ್ರ. ಕಲ್ಕ 1 ಪಾಲು, ಎಣ್ಣೆ 4 ಪಾಲು, ದ್ರವ 16 ಪಾಲು ಕೂಡಿಸಿ ಕಾಸಬೇಕೆಂದೂ, ಪಾಕವಾದಾಗ ಕಲ್ಕವು ಬೆರಳುಗಳ ನಡುವೆ ಬತ್ತಿಯಂತೆ ಹೊಸೆಯಲು ಬರಬೇಕೆಂದೂ, ಬೆಂಕಿಗೆ ಹಾಕಿದರೆ ಚಟಪಟ ಸದ್ದಾಗಬಾರದೆಂದೂ, ತೈಲದಲ್ಲಿ ನೊರೆ ಏಳಬೇಕು, ತುಪ್ಪದಲ್ಲಾದರೆ ಅಡಗಬೇಕೆಂದೂ ಶಾರ್ಙ್ಗಧರನ ಮತ. ಸದ್ದಾದರೆ ನೀರು ಉಳಿದಿದೆಯೆಂದರ್ಥ. ನೀರುಳಿದ ಎಣ್ಣೆಯು ಬೇಗ ಕೆಡುವುದು. ಆ ಕೆಡುಕನ್ನೇ ಇಂದಿನ ಪ್ರಯೋಗಶಾಲೆಯು ಆಮ್ಲಮೌಲ್ಯವೆಂಬ ಅಂಕಿಯಿಂದ ಅಳೆಯುತ್ತದೆ.

ಬೆರಕೆಯನ್ನು ಹಿಡಿಯುವುದರಲ್ಲಂತೂ ಗಾಜಿನ ನಳಿಗೆಯು ಬೆರಳಿಗಿಂತ ಮೇಲು. ಎಳ್ಳೆಣ್ಣೆಗೆ ಗಾಢವಾದ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಫರ್‌ಫ್ಯುರಾಲನ್ನೂ ಸೇರಿಸಿ ಕುಲುಕಿದರೆ ಕೆಂಪೇರುತ್ತದೆ. ಖನಿಜತೈಲವು ಕ್ಷಾರದೊಡನೆ ಸಾಬೂನಾಗದು. ಆದುದರಿಂದ ಅದನ್ನು ಬೆರೆಸಿದಷ್ಟೂ ಎಣ್ಣೆಯ ಸಾಬೂನೀಕರಣ ಮೌಲ್ಯವು ಇಳಿಯುತ್ತದೆ. ಬೆರಕೆಯು ಸಣ್ಣ ಅಪರಾಧವಲ್ಲ. 1998ರಲ್ಲಿ ದೆಹಲಿಯಲ್ಲಿ ಅಡಿಗೆಯ ಸಾಸಿವೆ ಎಣ್ಣೆಗೆ ಅರಿಶಿನ ಉಮ್ಮತ್ತಿಯ ಬೀಜದೆಣ್ಣೆ ಸೇರಿ 60ಕ್ಕೂ ಹೆಚ್ಚು ಜನ ಸತ್ತರು.

ಆದರೂ ಈ ಅಂಕಿಗಳಿಗೆ ಒಂದು ಎಲ್ಲೆಯುಂಟು. ಬೇರನ್ನು ಮುಟ್ಟದೆ, ಬರಿಯ ಎಳ್ಳೆಣ್ಣೆಗೆ ಬಣ್ಣವನ್ನೂ ಗಂಧವನ್ನೂ ಕೂಡಿಸಿದವನ ಸೀಸೆಯೂ ಇವುಗಳಲ್ಲಿ ಅನೇಕವನ್ನು ದಾಟೀತು. ಮೂಲಿಕೆಯ ಸತ್ತ್ವವು ಎಣ್ಣೆಗೆ ಇಳಿದಿದೆಯೋ ಇಲ್ಲವೋ ಎಂಬುದನ್ನು ವರ್ಣರೇಖನದಿಂದ ಕೆಲಮಟ್ಟಿಗೆ ಕಾಣಬಹುದು. ಆದರೆ ಬಲಾಮೂಲವನ್ನೂ ಹಾಲನ್ನೂ ಸೇರಿಸಿ ಮತ್ತೆ ಮತ್ತೆ ಕಾಸುವ ಕ್ಷೀರಬಲಾತೈಲವು 101 ಆವರ್ತಿಯದೋ, ನಡುವೆ ಕೈಬಿಟ್ಟುದೋ ಎಂದು ಎಣಿಸಿ ಹೇಳುವ ಅಂಕಿ ಯಾವುದು? ಬೆಲೆಯನ್ನೇನೋ 101ಕ್ಕೆ ತಕ್ಕಂತೆಯೇ ಕೇಳುತ್ತಾರೆ! ಪರೀಕ್ಷೆಯು ಸುಳ್ಳನ್ನು ಬಯಲಿಗೆಳೆಯಬಲ್ಲುದೇ ಹೊರತು ಕಾಸಿದವನ ಪ್ರಾಮಾಣಿಕತೆಗೆ ಜಾಮೀನಾಗಲಾರದು. ಹೀಗಿದ್ದೂ ಪ್ರಮಾಣಪತ್ರವನ್ನು ಮುಂದಿಟ್ಟು ತನ್ನ ಹೊಣೆ ತೀರಿತೆನ್ನುವ ವೈದ್ಯನು, ಪರೀಕ್ಷೆಯೇ ಬೇಡವೆಂದವನಿಗಿಂತ ಹೆಚ್ಚು ನಂಬಿಕೆಗೆ ಅರ್ಹನೆಂದು ಹೇಳಲಾಗದು.

1940ರ ಔಷಧ ಕಾಯಿದೆಯ ಆಡಳಿತಕ್ಕೆ 1964ರ ತಿದ್ದುಪಡಿಯು ಆಯುರ್ವೇದವನ್ನೂ ಒಳಪಡಿಸಿತು. ಒಂದೊಂದು ತಂಡದ ತಯಾರಿಕೆಯನ್ನೂ ಪುಸ್ತಕದಲ್ಲಿ ದಾಖಲಿಸಬೇಕೆಂಬ ನಿಯಮವೂ ಈಗ ಇದೆ. ಒಲೆಯ ಮುಂದೆ ನಿಂತು ಎಷ್ಟು ಸಲ ಕಾಸಿದೆನೆಂದು ಆ ಪುಸ್ತಕದಲ್ಲಿ ಬರೆಯುವವರು ಕಾಸಿದವರೇ.